ನೇರಳೆ ಹೊಗೆ ಕಂಡವನು

ಗ್ರೌಂಡಲ್ಲಿ ಬಿದ್ದು ಮೊಣಕಾಲು ತರಚಿಕೊಂಡಾಗ ಹಚ್ಚೋ ಕಂದು ಬಣ್ಣದ ಬೆಟಾಡಿನ್ ಕಥೆ ಶುರುವಾಗೋದು ಸಿಡಿಮದ್ದಿನಿಂದ ಅಂದ್ರೆ ನಂಬ್ತೀರಾ?

ಬರ್ನಾರ್ಡ್ ಕುರ್ಟ್ವಾ ಹುಟ್ಟಿದ್ದು 1777ರಲ್ಲಿ, ಫ್ರಾನ್ಸಿನ ಡಿಜಾನ್‌ನಲ್ಲಿ. ಅಪ್ಪನದು ಪೆಟ್ಲುಪ್ಪು ತಯಾರಿಸುವ ಕಸುಬು; ಮಗನೂ ಅದನ್ನೇ ಹಿಡಿದ. ನೆಪೋಲಿಯನ್ನನ ಯುದ್ಧಗಳ ಕಾಲ, ಮದ್ದಿಗೆ ಪೆಟ್ಲುಪ್ಪು ಬೇಕೇ ಬೇಕು. ಸೌದೆ ಬೂದಿ ಸಾಲದೆ ಕಡಲಕಳೆಯ ಬೂದಿ ತರಿಸಿದ. 1811ರಲ್ಲಿ ಅದರ ಗಷ್ಟಿಗೆ ಸಲ್ಫ್ಯೂರಿಕ್ ಆಮ್ಲ ಸುರಿಯುವಾಗ ಕೈ ಸ್ವಲ್ಪ ಜಾಸ್ತಿಯಾಯ್ತು. ಘಮ್ಮನೆ ನೇರಳೆ ಹೊಗೆ! ತಣ್ಣಗಿದ್ದ ಕಡೆ ತಾಗಿದ ಹೊಗೆ ದ್ರವವಾಗದೆ ನೇರವಾಗಿ ಕಪ್ಪು ಹರಳಾಗಿ ಕೂತಿತು.

ಹೊಸ ಧಾತುವಿರಬಹುದು ಅನ್ನೋ ಗುಮಾನಿ ಇತ್ತು, ಪರೀಕ್ಷೆ ಮುಂದುವರಿಸೋಕೆ ದುಡ್ಡಿರಲಿಲ್ಲ. ಹರಳುಗಳನ್ನು ಗೆಳೆಯರ ಕೈಗಿಟ್ಟ. 1813ರಲ್ಲಿ ಗೇ-ಲುಸಾಕ್ ಮತ್ತು ಡೇವಿ ಅದು ಧಾತುವೇ ಎಂದು ತೋರಿಸಿದರು. ಗ್ರೀಕಿನ ನೇರಳೆ ಬಣ್ಣದ ಪದದಿಂದ ಅಯೋಡಿನ್ ಎಂಬ ಹೆಸರಾಯಿತು. ಮೊದಲು ಕಂಡವನು ಕುರ್ಟ್ವಾ ಅಂತ ಇಬ್ಬರೂ ಒಪ್ಪಿದರು, ಪುಣ್ಯ.

ಯುದ್ಧ ಮುಗಿದ ಮೇಲೆ ಪೆಟ್ಲುಪ್ಪಿನ ವ್ಯಾಪಾರ ನೆಲ ಕಚ್ಚಿತು. ಅಯೋಡಿನ್ ಮಾರಿ ನೋಡಿದ, ಕೈಗೆ ಹತ್ತಲಿಲ್ಲ. 1831ರಲ್ಲಿ ಫ್ರೆಂಚ್ ವಿಜ್ಞಾನ ಅಕಾಡೆಮಿ 6000 ಫ್ರಾಂಕ್ ಬಹುಮಾನ ಕೊಟ್ಟಿತು. ಅದೂ ಬಹಳ ದಿನ ಬರಲಿಲ್ಲ. 1838ರಲ್ಲಿ ಪ್ಯಾರಿಸ್ಸಿನಲ್ಲಿ ಬಡವನಾಗಿಯೇ ತೀರಿಕೊಂಡ.

ಆಮೇಲೆ ಬಂದ ಟಿಂಚರ್ ಅಯೋಡಿನ್ ಕ್ರಿಮಿ ಕೊಲ್ಲುತ್ತಿತ್ತು, ಆದ್ರೆ ಉರಿ ಅಂದ್ರೆ ಉರಿ. 1955ರಲ್ಲಿ ಅಯೋಡಿನ್ನನ್ನು ಪೊವಿಡೋನ್ ಎಂಬ ಪಾಲಿಮರ್‌ಗೆ ಕಟ್ಟಿದರು. ಅದು ಅಯೋಡಿನ್ನನ್ನು ಹಿಡಿದಿಟ್ಟು ಸ್ವಲ್ಪಸ್ವಲ್ಪವೇ ಬಿಡುತ್ತದೆ. 10% ದ್ರಾವಣದಲ್ಲಿ ಕೆಲಸಕ್ಕೆ ಸಿಗೋ ಅಯೋಡಿನ್ ಬರೀ 1%. ಅದಕ್ಕೇ ಈಗ ಮೊಣಕಾಲು ಅಷ್ಟು ಉರಿಯಲ್ಲ.