ಮನದ ನೋವಿಗೆ ವೈದ್ಯರನ್ನು ರೂಪಿಸಿದ ಡಾ. ಗೋವಿಂದಸ್ವಾಮಿ

ಅಫಜಲಪುರ ತಾಲ್ಲೂಕಿನ ಅತನೂರಿನಿಂದ ಬೆಂಗಳೂರಿಗೆ ಸುಮಾರು 600 ಕಿಲೋಮೀಟರು. ಜ್ವರಕ್ಕೆ, ಗಾಯಕ್ಕೆ ನಮ್ಮ ಊರುಗಳ ಆಸುಪಾಸಿನಲ್ಲಿಯೇ ಔಷಧಿ ದೊರೆಯುತ್ತದೆ. ಆದರೆ ಮನಸ್ಸು ಕುಸಿದು ಬದುಕೇ ಬೇಡವೆನಿಸಿದವರಿಗೆ ನೆರವು ಬೆಂಗಳೂರಿನಷ್ಟೇ ದೂರ ಎಂಬ ಭಾವನೆ ಇನ್ನೂ ಅಳಿದಿಲ್ಲ. ಆ ದೂರವನ್ನು ತಗ್ಗಿಸುವ ಕಾರ್ಯಕ್ಕೆ ನಮ್ಮ ನಾಡಿನಲ್ಲಿ ತಳಹದಿ ಹಾಕಿದವರಲ್ಲಿ ಡಾ. ಎಂ. ವಿ. ಗೋವಿಂದಸ್ವಾಮಿಯವರು ಪ್ರಮುಖರು. ಅವರ ಬಾಳನ್ನು ಈ ವಾರ ನೆನೆಯೋಣ.

ಗೋವಿಂದಸ್ವಾಮಿಯವರು ಹುಟ್ಟಿದ್ದು 1904ರಲ್ಲಿ. ವೈದ್ಯ ಪದವಿಯ ನಂತರ ಅವರು ಮನೋವೈದ್ಯಶಾಸ್ತ್ರದ ಅಧ್ಯಯನಕ್ಕಾಗಿ ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಗೂ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಗೂ ಹೋದರು. ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಅಡಾಲ್ಫ್ ಮೇಯರ್ ಅವರಂಥ ಗುರು ದೊರೆತರು. ರೋಗವೊಂದನ್ನೇ ನೋಡದೆ ರೋಗಿಯ ಇಡೀ ಬಾಳನ್ನು, ಅವನ ಮನೆ, ದುಡಿಮೆ, ಸೋಲು, ಅಗಲಿಕೆಗಳನ್ನು ಅರಿಯಬೇಕೆಂಬುದು ಮೇಯರ್ ಅವರ ಬೋಧನೆಯ ಸಾರ. ಭಾರತೀಯ ದರ್ಶನಗಳಲ್ಲಿಯೂ ಆಸಕ್ತಿಯಿದ್ದ ಗೋವಿಂದಸ್ವಾಮಿಯವರಿಗೆ ಮನುಷ್ಯನನ್ನು ಅಖಂಡವಾಗಿ ಕಾಣುವ ಈ ದೃಷ್ಟಿ ಪರಕೀಯವಾಗಿರಲಿಲ್ಲ.

ಸ್ವದೇಶಕ್ಕೆ ಮರಳಿದ ಅವರು ಮೈಸೂರು ಸಂಸ್ಥಾನದ ಮಾನಸಿಕ ಆಸ್ಪತ್ರೆಯ ಹೊಣೆ ಹೊತ್ತರು. ಹತ್ತೊಂಬತ್ತನೆಯ ಶತಮಾನದಿಂದಲೂ ಬೆಂಗಳೂರಿನಲ್ಲಿದ್ದ ಈ ಸಂಸ್ಥೆಯನ್ನು ಜನರು ಹುಚ್ಚಾಸ್ಪತ್ರೆ ಎಂದೇ ಕರೆಯುತ್ತಿದ್ದರು. 1925ರಲ್ಲಿ ಸರ್ಕಾರ ಅದಕ್ಕೆ ಮಾನಸಿಕ ಆಸ್ಪತ್ರೆ ಎಂದು ಹೆಸರಿಟ್ಟಿತು. ಡಾ. ಫ್ರಾಂಕ್ ನರೋನಾ ಅವರು ಮುಖ್ಯಸ್ಥರಾಗಿದ್ದಾಗ ಅದರ ಸುಧಾರಣೆಗೆ ಶ್ರಮಿಸಿದರು. ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಕಾಲದಲ್ಲಿ ಹೊಸೂರು ರಸ್ತೆಯ ವಿಶಾಲ ಆವರಣದಲ್ಲಿ ಹೊಸ ಆಸ್ಪತ್ರೆ ಎದ್ದಿತು. ಆದರೆ ಹೆಸರು ಬದಲಾದ ಮಾತ್ರಕ್ಕೆ ಜನರ ನೋಟ ಬದಲಾಗುವುದಿಲ್ಲ. ಒಳಗೆ ಹೋದವನು ಗುಣವಾಗಿ ಹೊರಗೆ ಬಂದಾಗ ಮಾತ್ರ ಅದು ಬದಲಾಗುತ್ತದೆ.

ಅಂದಿನ ವೈದ್ಯರ ಕೈಯಲ್ಲಿ ಇಂದಿನ ಔಷಧಿಗಳಿರಲಿಲ್ಲ. ಪಾಶ್ಚಾತ್ಯ ದೇಶಗಳಲ್ಲಿ ಬಳಕೆಗೆ ಬಂದಿದ್ದ ಇನ್ಸುಲಿನ್ ಮತ್ತು ಸೆಳವಿನ ಚಿಕಿತ್ಸೆಗಳನ್ನು ಗೋವಿಂದಸ್ವಾಮಿಯವರು ಇಲ್ಲಿ ನಡೆಸಿದರು. 1940ರ ದಶಕದಲ್ಲಿ ಡಾ. ಬಾಲಕೃಷ್ಣ ರಾವ್ ಅವರೊಡನೆ ಮನೋರೋಗಿಗಳಿಗೆ ಮಿದುಳಿನ ಶಸ್ತ್ರಕ್ರಿಯೆಯನ್ನೂ ಮಾಡಿಸಿದರು. ಇವುಗಳಲ್ಲಿ ಇನ್ಸುಲಿನ್ ಚಿಕಿತ್ಸೆಯನ್ನೂ ಆ ಬಗೆಯ ಶಸ್ತ್ರಕ್ರಿಯೆಯನ್ನೂ ವೈದ್ಯಶಾಸ್ತ್ರ ಮುಂದೆ ಕೈಬಿಟ್ಟಿತು. ಮಹನೀಯರ ಬಾಳನ್ನು ಹೇಳುವಾಗ ಇದನ್ನು ಮುಚ್ಚಿಡಬೇಕಾಗಿಲ್ಲ. ಅವರ ನಿಜವಾದ ಕೊಡುಗೆ ಯಾವುದೇ ಒಂದು ಚಿಕಿತ್ಸೆಯಲ್ಲ. ಚಿಕಿತ್ಸೆ ಮಾಡಬಲ್ಲವರ ಪರಂಪರೆ.

ಭೋರ್ ಸಮಿತಿಯ 1946ರ ವರದಿಯಂತೆ ಕೋಟಿ ಕೋಟಿ ಜನರಿದ್ದ ಈ ದೇಶದ ಮಾನಸಿಕ ಆಸ್ಪತ್ರೆಗಳಲ್ಲಿದ್ದ ಹಾಸಿಗೆಗಳು ಸುಮಾರು 10,000 ಮಾತ್ರ. ತರಬೇತಿ ಪಡೆದ ವೈದ್ಯರ ಕೊರತೆ ಅದಕ್ಕಿಂತ ಘೋರವಾಗಿತ್ತು. ಸಮಿತಿಯ ಸಲಹೆಯಂತೆ 1954ರಲ್ಲಿ ಬೆಂಗಳೂರಿನ ಆಸ್ಪತ್ರೆಯ ಆವರಣದಲ್ಲಿಯೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಯಿತು. ಗೋವಿಂದಸ್ವಾಮಿಯವರು ಅದರ ಮೊದಲ ನಿರ್ದೇಶಕರಾದರು. ಮರುವರ್ಷ ಮನೋವೈದ್ಯರಿಗೂ ಮನಶ್ಶಾಸ್ತ್ರಜ್ಞರಿಗೂ ತರಗತಿಗಳು ಆರಂಭವಾದವು. ಗೋಡೆಯೊಳಗಿನ ಆಸ್ಪತ್ರೆ ಹೀಗೆ ದೇಶಕ್ಕೇ ಗುರುಕುಲವಾಯಿತು.

1961ರಲ್ಲಿ ಅವರು ತೀರಿಕೊಂಡರು. ಬಿತ್ತಿದವರು ಎಲ್ಲ ಸುಗ್ಗಿಯನ್ನೂ ಕಾಣುವುದಿಲ್ಲ. 1974ರಲ್ಲಿ ಆಸ್ಪತ್ರೆ ಮತ್ತು ವಿದ್ಯಾಸಂಸ್ಥೆ ಒಂದಾಗಿ ನಿಮ್ಹಾನ್ಸ್ ಆಯಿತು. ಅಲ್ಲಿನ ವೈದ್ಯರು ಬೆಂಗಳೂರಿನ ಬಳಿಯ ಸಕಲವಾರದಿಂದ ಹಳ್ಳಿಗಳಿಗೆ ನಡೆದರು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಮನೋರೋಗವನ್ನು ಗುರುತಿಸಿ ಔಷಧಿ ಕೊಡುವುದನ್ನು ಕಲಿಸಿದರು. ಆ ಜಿಲ್ಲೆಯ ಪ್ರಯೋಗವೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು.

ಹೀಗಿದ್ದೂ 2022ರಲ್ಲಿ ದೇಶದಲ್ಲಿ 1,70,924 ಮಂದಿ, ಕರ್ನಾಟಕದಲ್ಲಿ 13,606 ಮಂದಿ ಆತ್ಮಹತ್ಯೆಯಿಂದ ಸತ್ತರೆಂದು ಸರ್ಕಾರಿ ದಾಖಲೆ ಹೇಳುತ್ತದೆ. ಸಾಲ, ಬೆಳೆಹಾನಿ, ಮನೆಯ ಕಲಹ, ಕುಡಿತ, ಖಿನ್ನತೆ ಇವು ಒಂದರೊಡನೊಂದು ಹೆಣೆದುಕೊಂಡಿರುತ್ತವೆ. ಯಾವ ಸಾವಿಗೂ ಒಂದೇ ಕಾರಣವಿಲ್ಲ. ಬಹುಕಾಲ ಕಾನೂನು ಇದನ್ನು ಅಪರಾಧವೆಂದಿತು, ಸಮಾಜ ಕಳಂಕವೆಂದಿತು. ಆತ್ಮಹತ್ಯೆ ಮಾಡಿಕೊಂಡವರಿಗೆ ನಮ್ಮ ಧರ್ಮಸಭೆಯೂ ಒಂದು ಕಾಲದಲ್ಲಿ ಅಂತ್ಯಸಂಸ್ಕಾರವನ್ನು ನಿರಾಕರಿಸುತ್ತಿತ್ತು. 1983ರ ಧರ್ಮಸಭಾ ಕಾನೂನು ಸಂಹಿತೆಯಲ್ಲಿ ಆ ನಿಷೇಧವಿಲ್ಲ. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯಂತೆ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ, ಅವರಿಗೆ ಆರೈಕೆ ನೀಡುವುದು ಸರ್ಕಾರದ ಕರ್ತವ್ಯ. ತೀರ್ಪಿನ ಸ್ಥಾನವನ್ನು ಆರೈಕೆ ಪಡೆದುಕೊಂಡಿತು.

ಪ್ರಿಯ ಓದುಗರೇ, ಉಳಿದ ಕೆಲಸ ನಮ್ಮದು. ಮನೆಯಲ್ಲಿ ಒಬ್ಬರು ನಿದ್ರೆ, ಊಟ, ಮಾತು ಬಿಟ್ಟು ಮಂಕಾದರೆ, ಸಾಯುವ ಮಾತಾಡಿದರೆ, ಬೈಯದೆ ಪಕ್ಕದಲ್ಲಿ ಕುಳಿತು ನೇರವಾಗಿ ಕೇಳಬೇಕು. ಹಾಗೆ ಕೇಳಿದರೆ ಸಾವಿನ ಆಲೋಚನೆ ಬೆಳೆಯುತ್ತದೆಂಬುದು ತಪ್ಪು ತಿಳಿವಳಿಕೆ. ಕೇಳುವವರಿದ್ದಾರೆಂಬ ಅರಿವೇ ಎಷ್ಟೋ ಜನರನ್ನು ಉಳಿಸಿದೆ. ತೊಗರಿ, ಹತ್ತಿಗೆ ತಂದ ಕೀಟನಾಶಕವನ್ನು ಮನೆಯಲ್ಲಿ ಕೈಗೆಟುಕುವಂತೆ ಇಡದೆ ಬೀಗದೊಳಗೆ ಇಡಬೇಕು. ಪ್ರಾರ್ಥನೆ ಮಾಡೋಣ, ಹರಕೆ ಹೊತ್ತವರನ್ನು ಹಳಿಯದಿರೋಣ. ಆದರೆ ವೈದ್ಯರ ಬಳಿಗೆ ಹೋಗುವುದನ್ನು ಮುಂದೂಡದಿರೋಣ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲಿರುಳೂ ಉಚಿತವಾಗಿರುವ ಈ ಸೇವೆಗೆ ಕನ್ನಡದಲ್ಲಿಯೇ ಮಾತಾಡಬಹುದು. ಅದರ ಮುಖ್ಯ ಕೇಂದ್ರ ನಿಮ್ಹಾನ್ಸ್.

ಗೋವಿಂದಸ್ವಾಮಿಯವರು ಕಟ್ಟಿದ ಆವರಣಕ್ಕೂ ಅತನೂರಿನ ಮನೆಯಂಗಳಕ್ಕೂ ಈಗ ಒಂದು ಕರೆಯಷ್ಟೇ ದೂರ. ಆ ಕರೆ ಮಾಡಲು ನೊಂದವರ ಕೈ ನಡುಗಿದರೆ, ಸಂಖ್ಯೆ ಒತ್ತಿಕೊಡುವ ಕೈ ನಮ್ಮದಾಗಲಿ.