ಹೈದರಲಿ: ಹಣೆಪಟ್ಟಿಗೆ ಸಿಗದ ಬದುಕು



ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಿಂದ ಪ್ರವಾಸ ಬರುವ ನಮ್ಮ ಮಕ್ಕಳು ಚಿತ್ರದುರ್ಗದ ಕೋಟೆಯಲ್ಲಿ ಓಬವ್ವನ ಕಿಂಡಿಯ ಮುಂದೆ ನಿಂತಾಗ ಹೈದರಲಿಯವರ ಹೆಸರು ಕೇಳಿಬರುತ್ತದೆ. ಒಬ್ಬರು ಅವರನ್ನು ಕೋಮುವಾದಿ ಎನ್ನುತ್ತಾರೆ. ಇನ್ನೊಬ್ಬರು ಜಾತ್ಯತೀತ ನಾಯಕ, ಸ್ವಾತಂತ್ರ್ಯ ಹೋರಾಟಗಾರ ಎನ್ನುತ್ತಾರೆ. ನಡುವೆ ನಿಂತ ಮುಸ್ಲಿಂ ವಿದ್ಯಾರ್ಥಿಗೆ ಏನು ಹೇಳಬೇಕೆಂದು ತೋಚುವುದಿಲ್ಲ. ಬನ್ನಿ, ಮೊದಲು ಅವರ ಬದುಕನ್ನು ನೋಡೋಣ.

1720ರ ಸುಮಾರಿಗೆ ಕೋಲಾರ ಸೀಮೆಯ ಬೂದಿಕೋಟೆಯಲ್ಲಿ ಹುಟ್ಟಿದ ಹೈದರಲಿ ಸೈನಿಕನ ಮಗ. ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡರು. ಓದು ಬರಹ ಕಲಿಯಲಿಲ್ಲ. ಮೈಸೂರು ಒಡೆಯರ ಸೈನ್ಯ ಸೇರಿ 1749ರ ದೇವನಹಳ್ಳಿ ಮುತ್ತಿಗೆಯಲ್ಲಿ ಹೆಸರು ಗಳಿಸಿದರು. 1761ರ ಹೊತ್ತಿಗೆ ಆಡಳಿತವೆಲ್ಲ ಅವರ ಕೈಗೆ ಬಂದಿತ್ತು. ಆದರೂ ಒಡೆಯರನ್ನು ಸಿಂಹಾಸನದಿಂದ ಇಳಿಸದೆ ಅವರ ಹೆಸರಿನಲ್ಲೇ ರಾಜ್ಯವಾಳಿದರು. ಪೂರ್ಣಯ್ಯನವರಂಥ ಬ್ರಾಹ್ಮಣ ಅಧಿಕಾರಿಗಳು ಅವರ ಹಣಕಾಸು ನೋಡಿಕೊಂಡರು. 1769ರಲ್ಲಿ ಮದರಾಸಿನ ಬಾಗಿಲವರೆಗೆ ನುಗ್ಗಿ ಇಂಗ್ಲಿಷರು ಒಪ್ಪಂದಕ್ಕೆ ಬರುವಂತೆ ಮಾಡಿದರು.

ಇನ್ನು ನಮ್ಮ ದುರ್ಗದ ವಿಷಯ. 1763ರಲ್ಲಿ ಹೈದರಲಿ ಬಿದನೂರನ್ನು ಗೆದ್ದಾಗ ದುರ್ಗದ ಪಾಳೆಯಗಾರರಾದ ಮದಕರಿ ನಾಯಕರು ಅವರ ಜೊತೆಗಿದ್ದರು. ಮುಂದೆ ಮರಾಠರ ಕಡೆ ವಾಲುತ್ತಿದ್ದಾರೆಂಬ ಸಂಶಯ ಬಂದಾಗ ಗೆಳೆತನ ಮುರಿಯಿತು. 1777ರ ಮುತ್ತಿಗೆ ಫಲಿಸಲಿಲ್ಲ. 1779ರಲ್ಲಿ ಕೋಟೆ ಬಿತ್ತು. ನಾಯಕರು ಶ್ರೀರಂಗಪಟ್ಟಣದ ಸೆರೆಯಲ್ಲಿ ಕಣ್ಣುಮುಚ್ಚಿದರು. ಸಾವಿರಾರು ಬೇಡರನ್ನು ಊರು ಬಿಡಿಸಿ ಕರೆದೊಯ್ಯಲಾಯಿತು. ಈ ನೋವನ್ನು ನಾವು ಮರೆಮಾಚಬಾರದು. ನಾಯಕರ ಸೈನ್ಯದಲ್ಲೂ ಮುಸ್ಲಿಮರಿದ್ದರೆಂಬುದನ್ನು ಮರೆಯಲೂಬಾರದು. 1782ರ ಡಿಸೆಂಬರ್ 7ರಂದು, ಇಂಗ್ಲಿಷರೊಡನೆ ಎರಡನೆಯ ಯುದ್ಧ ನಡೆಯುತ್ತಿರುವಾಗಲೇ, ಚಿತ್ತೂರಿನ ಬಳಿ ಹೈದರಲಿ ತೀರಿಕೊಂಡರು. ಅವರ ಸಮಾಧಿ ಶ್ರೀರಂಗಪಟ್ಟಣದ ಗುಂಬಜ್‌ನಲ್ಲಿದೆ.

ಈಗ ಹೇಳಿ, ಇಂದಿನ ಯಾವ ಹಣೆಪಟ್ಟಿ ಈ ಬದುಕಿಗೆ ಹೊಂದುತ್ತದೆ? ಕೋಮುವಾದಿಯಾಗಿದ್ದರೆ ಒಡೆಯರ ಹೆಸರಿನಲ್ಲಿ ಏಕೆ ಆಳಿದರು? ಸ್ವಾತಂತ್ರ್ಯ ಹೋರಾಟಗಾರರೆನ್ನೋಣವೆಂದರೆ, ದುರ್ಗದ ಸ್ವಾತಂತ್ರ್ಯವನ್ನು ಕಸಿದವರೂ ಅವರೇ ಅಲ್ಲವೇ? ಈ ಪದಗಳೆಲ್ಲ ನಂತರದ ಕಾಲದವು. ಅವರ ಕಾಲದ ಅರಸರು ಲೆಕ್ಕ ಹಾಕುತ್ತಿದ್ದುದು ರಾಜ್ಯ, ಕಪ್ಪಕಾಣಿಕೆ ಮತ್ತು ನಿಷ್ಠೆಗಳನ್ನು.

ನಮ್ಮ ಹಿರಿಯರು ಅಫ್ಲಾತೂನ್ ಎಂದು ಕರೆಯುವ ಗ್ರೀಕ್ ತತ್ವಜ್ಞಾನಿ ಪ್ಲೇಟೋಗೂ ಇದೇ ಗತಿಯಾಯಿತು. ಆಳುವವರಿಗೆ ಸ್ವಂತ ಆಸ್ತಿ ಬೇಡವೆಂದದ್ದಕ್ಕೆ ಕೆಲವರು ಅವರನ್ನು ಕಮ್ಯುನಿಸ್ಟ್ ಎಂದರು. 1945ರಲ್ಲಿ ಕಾರ್ಲ್ ಪಾಪ್ಪರ್ ಎಂಬ ವಿದ್ವಾಂಸರು ಸರ್ವಾಧಿಕಾರದ ಮೂಲವನ್ನೇ ಅವರ ಬರಹದಲ್ಲಿ ಕಂಡರು. ಎರಡು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಬಾಳಿದವರಿಗೆ ಇಂದಿನ ಪಕ್ಷದ ಸದಸ್ಯತ್ವ ಕೊಡಲಾದೀತೆ?

ಆದ್ದರಿಂದ ವಿದ್ಯಾರ್ಥಿ ಮಿತ್ರರೇ, ಹೈದರಲಿ ನಿಮ್ಮವರೇ ಎಂದು ಯಾರಾದರೂ ಕೇಳಿದರೆ ತಲೆ ತಗ್ಗಿಸಬೇಡಿ, ಜಗಳಕ್ಕೂ ನಿಲ್ಲಬೇಡಿ. ಅವರು ಮಾಡಿದ ಯುದ್ಧಗಳಿಗೆ ನೀವು ಹೊಣೆಯಲ್ಲ, ಅವರ ಗೆಲುವುಗಳು ನಿಮ್ಮ ಸಾಧನೆಯೂ ಅಲ್ಲ. ಯಾವ ವರ್ಷ ಏನು ನಡೆಯಿತೆಂಬುದನ್ನು ಓದಿ ತಿಳಿದು ಸಮಾಧಾನದಿಂದ ಹೇಳಿ. ಓಬವ್ವನ ಸಾಹಸಕ್ಕೂ ಮದಕರಿ ನಾಯಕರ ಶೌರ್ಯಕ್ಕೂ ತಲೆಬಾಗಿ. ಅವರೂ ನಮ್ಮ ಊರಿನವರೇ.