ಶಿವನಸಮುದ್ರ ಏಷ್ಯಾದ ಮೊದಲ ಜಲವಿದ್ಯುತ್ ಕೇಂದ್ರವೇ? ಶೇಷಾದ್ರಿ ಅಯ್ಯರ್ ನಿಜವಾಗಿ ಮಾಡಿದ್ದೇನು?

ಶಿವನಸಮುದ್ರದ್ದು ಏಷ್ಯಾದಲ್ಲೇ ಮೊದಲ ಜಲವಿದ್ಯುತ್ ಕೇಂದ್ರ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಅದು ನಿಜವಲ್ಲ. ಜಪಾನಿನ ಕ್ಯೋಟೊದಲ್ಲಿ 1891ರಲ್ಲೇ ನೀರಿನಿಂದ ಕರೆಂಟ್ ತೆಗೆದಿದ್ದರು. ನಮ್ಮ ದೇಶದಲ್ಲೇ ಡಾರ್ಜಿಲಿಂಗ್ ಬಳಿಯ ಸಿದ್ರಾಪೊಂಗ್ ಕೇಂದ್ರ 1897ರಲ್ಲಿ ಶುರುವಾಗಿತ್ತು. ಹಾಗಂತ ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕೆಲಸ ಸಣ್ಣದಾಗುವುದಿಲ್ಲ. ಅದರ ದೊಡ್ಡತನ ಇರುವುದು ಬೇರೆ ಕಡೆ.

1845ರಲ್ಲಿ ಪಾಲಕ್ಕಾಡಿನಲ್ಲಿ ಹುಟ್ಟಿದ ಅಯ್ಯರ್, ಮದರಾಸಿನಲ್ಲಿ ಓದಿ 1868ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಸೇರಿದರು. ಓದಿದ್ದು ಕಾನೂನು, ಎಂಜಿನಿಯರಿಂಗ್ ಅಲ್ಲ! ರಂಗಾಚಾರ್ಲು ತೀರಿಕೊಂಡ ಮೇಲೆ 1883ರಲ್ಲಿ ದಿವಾನರಾದಾಗ, 1876-78ರ ಭೀಕರ ಬರದ ಸಾಲ ಸಂಸ್ಥಾನದ ತಲೆಯ ಮೇಲಿತ್ತು. ನಮ್ಮ ಉತ್ತರ ಬೆಂಗಳೂರಿನ ಆಚೆಗಿರುವ ಹೆಸರಘಟ್ಟ ಕೆರೆಯಿಂದ ನಗರಕ್ಕೆ ಕೊಳಾಯಿ ನೀರು ಬಂದದ್ದೂ ಅವರ ಕಾಲದಲ್ಲೇ.

ಕೋಲಾರದ ಚಿನ್ನದ ಗಣಿಗಳು ಆಗ ಉಗಿಯಂತ್ರಗಳ ಮೇಲೆ ನಿಂತಿದ್ದವು. ಅವುಗಳಿಗೆ ಸೌದೆ, ಕಲ್ಲಿದ್ದಲು ಸುರಿದಷ್ಟೂ ಸಾಲದು. ಕಾವೇರಿಯೋ ಗಣಿಯಿಂದ ಸುಮಾರು 147 ಕಿ.ಮೀ. ದೂರದಲ್ಲಿ ಧುಮುಕುತ್ತಿತ್ತು. ಎಂಜಿನಿಯರ್ ಜೋಲಿ ಡಿ ಲಾಟ್ಬಿನಿಯೇರ್ ಯೋಜನೆ ರೂಪಿಸಿದರು. ಸಂಸ್ಥಾನದ ಹಣ ಹೂಡುವ ತೀರ್ಮಾನ ಮಾತ್ರ ದಿವಾನರದ್ದು. ಅಷ್ಟು ದೂರ ಕರೆಂಟ್ ತಲುಪದೇ ಹೋಗಿದ್ದರೆ ನಷ್ಟ ಖಜಾನೆಗೆ.

ಜಲಪಾತವನ್ನು ಎತ್ತಿಕೊಂಡು ಹೋಗಲಾಗದು. ನೆಲದಾಳದ ಬಿಸಿಯೂ ಹಾಗೆಯೇ: 1904ರಲ್ಲಿ ಇಟಲಿಯ ಲಾರ್ಡೆರೆಲ್ಲೊದಲ್ಲಿ ಭೂಮಿಯೊಳಗಿನ ಹಬೆಯಿಂದ ಡೈನಮೊ ತಿರುಗಿಸಿ ಐದು ಬಲ್ಬು ಉರಿಸಿದ್ದು ಹಬೆ ಏಳುವ ಜಾಗದಲ್ಲೇ. ಶಿವನಸಮುದ್ರದಲ್ಲಿ ಸುಮಾರು 400 ಅಡಿ ಕೆಳಗೆ ಬೀಳುವ ನೀರು ಟರ್ಬೈನ್ ತಿರುಗಿಸುತ್ತದೆ, ಅದರ ಜೊತೆ ಜನರೇಟರ್ ತಿರುಗುತ್ತದೆ. ಇದು ಸುಲಭದ ಭಾಗ. ಕಷ್ಟ ಇರುವುದು ತಂತಿಯಲ್ಲಿ. ಹರಿಯುವ ಕರೆಂಟ್ ತಂತಿಯನ್ನು ಬಿಸಿ ಮಾಡುತ್ತದೆ, ಅಷ್ಟು ಶಕ್ತಿ ದಾರಿಯಲ್ಲೇ ಪೋಲು. ಟ್ರಾನ್ಸ್‌ಫಾರ್ಮರ್ ಬಳಸಿ ವೋಲ್ಟೇಜ್ 10 ಪಟ್ಟು ಏರಿಸಿದರೆ, ಅಷ್ಟೇ ಶಕ್ತಿ ಸಾಗಿಸಲು ಹತ್ತನೇ ಒಂದು ಭಾಗ ಕರೆಂಟ್ ಸಾಕು. ಪೋಲು ನೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಶಿವನಸಮುದ್ರದಿಂದ ಕರೆಂಟ್ ಹೊರಟದ್ದು ಸುಮಾರು 30,000 ವೋಲ್ಟ್‌ನಲ್ಲಿ. ಆ ಕಾಲಕ್ಕೆ ಅದು ಜಗತ್ತಿನ ಅತಿ ಉದ್ದದ ಲೈನುಗಳಲ್ಲಿ ಒಂದು.

ಆರೋಗ್ಯ ಕೆಟ್ಟು 1901ರಲ್ಲಿ ಅಯ್ಯರ್ ಹುದ್ದೆ ಬಿಟ್ಟರು, ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ಗಣಿಗೆ ಕರೆಂಟ್ ತಲುಪಿದ್ದು 1902ರ ಜೂನ್‌ನಲ್ಲಿ. ಬೆಂಗಳೂರಿನ ಬೀದಿ ದೀಪಗಳ ಸರದಿ ಬಂದದ್ದು ಇನ್ನೂ ಮೂರು ವರ್ಷಗಳ ನಂತರ, 1905ರ ಆಗಸ್ಟ್ 5ರಂದು.